ಸಂಘ ನೋಂದಣಿ ಮಾಡಿಸಿದರೆ ಹೊಣೆ ಯಾರ ಮೇಲೆ? ಸಂಘ ಕಟ್ಟುವವರಿಗೆ ಹಂತ ಹಂತದ ಮಾರ್ಗದರ್ಶಿ

"ನಾವೊಂದಿಷ್ಟು ಜನ ಸೇರಿ ಸಂಘ ಮಾಡ್ಕೊಂಡಿದ್ದೀವಿ. ನೋಂದಣಿ ಮಾಡಿಸಲೇಬೇಕಾ? ಮಾಡಿಸಿದ ಮೇಲೆ ಏನಾದ್ರೂ ಎಡವಟ್ಟಾದ್ರೆ ಪದಾಧಿಕಾರಿಗಳ ಮನೆ ಬಾಗಿಲಿಗೆ ಬರುತ್ತಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಎರಡು ಬಗೆ. ನೋಂದಣಿ ಅಂದರೆ ತಲೆನೋವು ಎಂದು ದೂರ ಸರಿಯುವವರು ಒಂದು ಕಡೆ. ನೋಂದಣಿ ಆದ ಕೂಡಲೇ ಯಾವ ತೊಂದರೆಯೂ ಇಲ್ಲ ಎಂದು ನಿಶ್ಚಿಂತೆಯಾಗಿ ಕೂರುವವರು ಇನ್ನೊಂದು ಕಡೆ. ಇಬ್ಬರ ಲೆಕ್ಕವೂ ತಪ್ಪು.

ನೋಂದಣಿಯಿಂದ ರಕ್ಷಣೆ ಸಿಗುತ್ತದೆ, ನಿಜ. ಆದರೆ ಪ್ರಮಾಣಪತ್ರಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ ಮಾತ್ರಕ್ಕೆ ಸಿಗುವುದಿಲ್ಲ. ದುಡ್ಡು, ಸಹಿ, ಸಭೆ, ಈ ಮೂರೂ ಸಂಘದ ಹೆಸರಿನಲ್ಲೇ ನಡೆದಿದ್ದರೆ ಸಿಗುತ್ತದೆ. ಕೆಳಗಿನ ಹಂತಗಳೆಲ್ಲ ಇದನ್ನೇ ಮಾಡುವ ದಾರಿಗಳು. ಇಲ್ಲಿ ಹೇಳಿರುವುದು ಕರ್ನಾಟಕದಲ್ಲಿ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಅಡಿಯಲ್ಲಿ ಕಟ್ಟುವ ಸಂಘಗಳ ಬಗ್ಗೆ. ಸಾಲ, ಠೇವಣಿ ವ್ಯವಹಾರ ಮಾಡುವ ಸಹಕಾರ ಸಂಘಗಳದ್ದು ಬೇರೆಯೇ ಕಾಯ್ದೆ. ಆ ಎರಡನ್ನೂ ಬೆರೆಸಿಕೊಳ್ಳಬೇಡಿ.

ನೋಂದಣಿ ಇಲ್ಲದಿದ್ದರೆ ಏನಾಗುತ್ತದೆ?

ಒಂದು ಉದಾಹರಣೆ ನೋಡೋಣ. ನಿಮ್ಮ ಸಂಘಕ್ಕೆ ನೋಂದಣಿ ಇಲ್ಲ. ವಾರ್ಷಿಕೋತ್ಸವಕ್ಕೆ ಶಾಮಿಯಾನ, ಕುರ್ಚಿ, ಮೈಕ್ ಬಾಡಿಗೆಗೆ ಹೇಳಿದ್ದೀರಿ. ಆರ್ಡರ್ ಚೀಟಿಗೆ ಸಹಿ ಹಾಕಿದ್ದು ಕಾರ್ಯದರ್ಶಿ. ಸಂಗ್ರಹವಾದ ಹಣ ಸಾಲಲಿಲ್ಲ. ಶಾಮಿಯಾನದವರು ಯಾರನ್ನು ಹಿಡಿಯಬೇಕು? ಕಾನೂನಿನ ಕಣ್ಣಿಗೆ ನಿಮ್ಮ ಸಂಘ ಎಂಬುದೇ ಇಲ್ಲ, ಅದರ ಮೇಲೆ ದಾವೆ ಹೂಡಲು ಆಗುವುದಿಲ್ಲ. ಇಂಥ ಸಂದರ್ಭಕ್ಕೆಂದೇ 1872ರ ಭಾರತೀಯ ಕರಾರು ಕಾಯ್ದೆಯ 230ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ಯಾರ ಪರವಾಗಿ ಕರಾರು ಮಾಡಿಕೊಂಡಿರೋ ಅವರ ಮೇಲೆ ದಾವೆ ಹೂಡಲು ಸಾಧ್ಯವಿಲ್ಲದಿದ್ದರೆ, ಸಹಿ ಹಾಕಿದವರೇ ಆ ಕರಾರಿಗೆ ಬದ್ಧರು ಎಂದು ಭಾವಿಸಲಾಗುತ್ತದೆ. ಅಂದರೆ ಕಾರ್ಯದರ್ಶಿಯ ಜೇಬಿಗೇ ಕೈ. ಅವರ ಜೊತೆ "ಹೂಂ, ಮಾಡ್ಸಿ" ಎಂದು ಒಪ್ಪಿಗೆ ಕೊಟ್ಟ ಸಮಿತಿಯವರೂ ಸಿಕ್ಕಿಕೊಳ್ಳಬಹುದು. ಸುಮ್ನೆ ಚಂದಾ ಕೊಟ್ಟು ಕಾರ್ಯಕ್ರಮಕ್ಕೆ ಬಂದು ಹೋಗುವ ಸದಸ್ಯರ ಮೇಲೆ ಸಾಮಾನ್ಯವಾಗಿ ಇಷ್ಟು ಭಾರ ಬೀಳುವುದಿಲ್ಲ.

ನೋಂದಾಯಿತ ಸಂಘದಲ್ಲಿ ಚಿತ್ರ ಬದಲಾಗುತ್ತದೆ. ಸಂಘದ ಪರವಾಗಿ, ಸಂಘದ ವಿರುದ್ಧ ದಾವೆ ನಡೆಯಲು ಕಾಯ್ದೆಯೇ ದಾರಿ ಮಾಡಿಕೊಟ್ಟಿದೆ. ಕೋರ್ಟಿನ ಕಾಗದದಲ್ಲಿ ಅಧ್ಯಕ್ಷರ ಅಥವಾ ಕಾರ್ಯದರ್ಶಿಯ ಹೆಸರು ಇರಬಹುದು, ಆದರೆ ತೀರ್ಪಿನ ಹಣ ವಸೂಲಾಗುವುದು ಸಂಘದ ಆಸ್ತಿಯಿಂದ, ಅವರ ಸ್ವಂತ ಮನೆಯಿಂದಲ್ಲ. ಮೊದಲ ಸಲ ನೋಟಿಸ್‌ನಲ್ಲಿ ತಮ್ಮ ಹೆಸರು ಕಂಡು ಗಾಬರಿಯಾಗುವ ಪದಾಧಿಕಾರಿಗಳು ಇದನ್ನು ನೆನಪಿಟ್ಟುಕೊಳ್ಳಿ.

ಹಂತ 1: ನಿಮಗೆ ನಿಜವಾಗಿ ಸಂಘ ಬೇಕಾ?

ವಾರಕ್ಕೊಮ್ಮೆ ಸೇರಿ ಪುಸ್ತಕದ ಬಗ್ಗೆ ಮಾತಾಡುವ, ಭಾನುವಾರ ಬೆಟ್ಟ ಹತ್ತುವ ಗುಂಪಿಗೆ ನೋಂದಣಿ ಬೇಡ. ದುಡ್ಡು ಸೇರುತ್ತಿಲ್ಲ, ಯಾರ ಜೊತೆಗೂ ಕರಾರಿಲ್ಲ, ಮತ್ಯಾಕೆ? ಈ ಕೆಳಗಿನದರಲ್ಲಿ ಒಂದಾದರೂ ಇದ್ದರೆ ಯೋಚಿಸಿ: ವರ್ಷವೂ ಚಂದಾ ಎತ್ತುತ್ತೀರಿ, ಜಾಗ ಬಾಡಿಗೆಗೆ ಹಿಡಿಯುತ್ತೀರಿ, ಸಂಬಳಕ್ಕೆ ಜನ ಇಟ್ಟುಕೊಳ್ಳುತ್ತೀರಿ, ದೊಡ್ಡ ಕಾರ್ಯಕ್ರಮ ಮಾಡುತ್ತೀರಿ, ಸರ್ಕಾರದ ಅನುದಾನ ಅಥವಾ ಕಂಪನಿಯ ಸಹಾಯ ಕೇಳುವವರಿದ್ದೀರಿ.

ಹಂತ 2: ಸಂಘವೋ, ಟ್ರಸ್ಟೋ, ಕಂಪನಿಯೋ?

ಟ್ರಸ್ಟ್‌ನಲ್ಲಿ ಅಧಿಕಾರ ಕೆಲವೇ ಟ್ರಸ್ಟಿಗಳ ಕೈಯಲ್ಲಿರುತ್ತದೆ. ಸದಸ್ಯರು, ಮತದಾನ, ಚುನಾವಣೆ ಅಂತ ಏನೂ ಇರಬೇಕಿಲ್ಲ. ಕಂಪನಿ ಕಾಯ್ದೆ, 2013ರ ಸೆಕ್ಷನ್ 8ರಲ್ಲಿ ಲಾಭದ ಉದ್ದೇಶವಿಲ್ಲದ ಕಂಪನಿ ಮಾಡಬಹುದು. ಹೊಣೆಯ ವಿಷಯದಲ್ಲಿ ಅದು ಹೆಚ್ಚು ಗಟ್ಟಿ, ಯಾಕೆಂದರೆ ಕಂಪನಿ ಕಾನೂನಿನ ಪ್ರಕಾರ ತನ್ನ ಸದಸ್ಯರಿಂದ ಪೂರ್ತಿ ಬೇರೆಯಾದ ವ್ಯಕ್ತಿ. ಆದರೆ ಲೆಕ್ಕಪತ್ರ, ಆಡಿಟ್, ವರದಿಗಳ ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಸದಸ್ಯರೇ ಮತ ಹಾಕಿ ಪದಾಧಿಕಾರಿಗಳನ್ನು ಆರಿಸಬೇಕು, ವರ್ಷಕ್ಕೊಮ್ಮೆ ಲೆಕ್ಕ ಕೇಳಬೇಕು ಎಂದಿದ್ದರೆ ಸಂಘವೇ ಸರಿಯಾದ ರೂಪ. ನನ್ನ ಅಭಿಪ್ರಾಯದಲ್ಲಿ ಬಹಳಷ್ಟು ಗುಂಪುಗಳಿಗೆ ಅಷ್ಟು ಸಾಕು.

ಅಪಾರ್ಟ್‌ಮೆಂಟ್ ಮಾಲೀಕರಿಗೆ ಒಂದು ಎಚ್ಚರಿಕೆ. ನಿಮಗೆಂದೇ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಅದನ್ನು ಬಿಟ್ಟು ಸಂಘಗಳ ಕಾಯ್ದೆಯಲ್ಲಿ ನೋಂದಾಯಿಸಿಕೊಂಡ ಮಾಲೀಕರ ಸಂಘಗಳ ಸಿಂಧುತ್ವದ ಬಗ್ಗೆ ಹೈಕೋರ್ಟ್‌ವರೆಗೆ ವ್ಯಾಜ್ಯ ಹೋಗಿದೆ. ಮೊದಲೇ ವಕೀಲರನ್ನು ಕೇಳಿ.

ಹಂತ 3: ಏಳು ಜನ, ಒಂದು ಹೆಸರು, ಸ್ಪಷ್ಟ ಉದ್ದೇಶ

ಸಂಘ ನೋಂದಾಯಿಸಲು ಹದಿನೆಂಟು ದಾಟಿದ ಕನಿಷ್ಠ 7 ಜನ ಬೇಕು. ಲೆಕ್ಕ ತುಂಬಿಸಲು ಅಣ್ಣ, ಅತ್ತಿಗೆ, ಚಿಕ್ಕಪ್ಪನನ್ನು ಸೇರಿಸಿಕೊಳ್ಳುವ ಅಭ್ಯಾಸ ಹಲವು ಕಡೆ ಇದೆ. ಅದು ಬೇಡ. ನಾಳೆ ಅನುದಾನಕ್ಕೆ ಹೋದಾಗ "ಇದು ಕುಟುಂಬದ ಸಂಘ ಅಲ್ವಾ?" ಎಂಬ ಮಾತು ಬರುತ್ತದೆ. ಸಭೆಗೆ ಬರುವವರು ಯಾರೋ ಅವರೇ ಇರಲಿ.

ಈಗಾಗಲೇ ಇರುವ ಸಂಘದ ಹೆಸರನ್ನೇ, ಅಥವಾ ಗೊಂದಲವಾಗುವಷ್ಟು ಹತ್ತಿರದ ಹೆಸರನ್ನು ಇಡಲು ಬಿಡುವುದಿಲ್ಲ. ಸರ್ಕಾರಿ ಸಂಸ್ಥೆ ಎಂಬ ಭಾವನೆ ಹುಟ್ಟಿಸುವ ಹೆಸರು, ಲಾಂಛನಗಳಿಗೆ 1950ರ ಕಾಯ್ದೆಯೊಂದು ಅಡ್ಡ ಬರುತ್ತದೆ. ಎರಡು ಮೂರು ಹೆಸರು ಇಟ್ಟುಕೊಂಡೇ ಹೋಗಿ.

ಉದ್ದೇಶಗಳ ಪಟ್ಟಿಯನ್ನು ಪಕ್ಕದ ಸಂಘದಿಂದ ಜೆರಾಕ್ಸ್ ಮಾಡಿಸಿಕೊಳ್ಳುವವರೇ ಹೆಚ್ಚು. ಚಿತ್ರಕಲಾ ಸಂಘದ ಪಟ್ಟಿಯಲ್ಲಿ ಹೈನುಗಾರಿಕೆ ತರಬೇತಿ ಬಂದು ಕೂರುವುದು ಹೀಗೆಯೇ. ಕಾಯ್ದೆ ಒಪ್ಪುವ ಉದ್ದೇಶಗಳಲ್ಲಿ ದತ್ತಿ ಕೆಲಸ, ಶಿಕ್ಷಣ, ವಿಜ್ಞಾನ, ಸಾಹಿತ್ಯ, ಲಲಿತಕಲೆ, ಕ್ರೀಡೆ, ವಾಚನಾಲಯ ಇಂಥವು ಸೇರಿವೆ. ನೀವು ಮಾಡುವ ಕೆಲಸವನ್ನೇ ಬರೆಯಿರಿ. ಉದ್ದೇಶಕ್ಕೆ ಹೊರತಾದ ಖರ್ಚು ಮಾಡಿದ ದಿನ ಸಂಘದ ರಕ್ಷಣೆ ನಿಮಗೆ ಸಿಗುವುದು ಕಷ್ಟ ಎಂಬುದು ಇದಕ್ಕೆ ಮುಖ್ಯ ಕಾರಣ.

ಹಂತ 4: ಬೈಲಾ ಬರೆಯುವುದು

ಎರಡು ದಾಖಲೆ ಬೇಕು. ಒಂದು ಜ್ಞಾಪನ ಪತ್ರ, ಅಂದರೆ ಸಂಘದ ಹೆಸರು, ಉದ್ದೇಶ, ಮೊದಲ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗ ಇರುವ ಕಾಗದ. ಇನ್ನೊಂದು ನಿಯಮ ನಿಬಂಧನೆಗಳು. ಎಲ್ಲರ ಬಾಯಲ್ಲಿ ಅದು ಬೈಲಾ. ಸಂಘ ಒಳಗಿನಿಂದ ಹೇಗೆ ನಡೆಯಬೇಕು ಎಂಬುದೆಲ್ಲ ಇದರಲ್ಲಿರುತ್ತದೆ.

ಟೈಪಿಂಗ್ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಬೈಲಾಕ್ಕೆ ಹೆಸರು ಮಾತ್ರ ಬದಲಿಸಿ ಸಹಿ ಹಾಕಬೇಡಿ. ಎಲ್ಲ ಚೆನ್ನಾಗಿರುವಾಗ ಬೈಲಾವನ್ನು ಯಾರೂ ತೆಗೆದು ನೋಡುವುದಿಲ್ಲ. ಜಗಳ ಬಂದ ದಿನ ಪ್ರತಿ ಸಾಲನ್ನೂ ವಕೀಲರು ಓದುತ್ತಾರೆ. ಈ ವಿಷಯಗಳಿಗೆ ಸಮಯ ಕೊಡಿ:

ಸದಸ್ಯರು ಯಾರು? ಅರ್ಜಿ ಯಾರು ಒಪ್ಪಬೇಕು, ಎಷ್ಟು ದಿನ ಚಂದಾ ಬಾಕಿ ಉಳಿದರೆ ಮತದ ಹಕ್ಕು ಹೋಗುತ್ತದೆ, ಸದಸ್ಯರನ್ನು ತೆಗೆಯಬೇಕಾದರೆ ಮೊದಲು ನೋಟಿಸ್ ಕೊಟ್ಟು ಅವರ ಮಾತು ಕೇಳುವುದು ಹೇಗೆ, ಇದೆಲ್ಲ ಬರೆದಿರಬೇಕು. ಚುನಾವಣೆಗೆ ಇಂತಿಷ್ಟು ದಿನ ಮೊದಲು ಸೇರಿದವರಿಗೆ ಮಾತ್ರ ಮತ ಎಂದು ಹಾಕಿ. ಈ ಒಂದು ಸಾಲು ಇಲ್ಲದೆ, ಚುನಾವಣೆಯ ಹಿಂದಿನ ವಾರ ನೂರಾರು ಹೊಸ ಸದಸ್ಯರು ಹುಟ್ಟಿಕೊಂಡು ಸಂಘ ಎರಡು ಬಣವಾಗುತ್ತದೆ.

ಕೋರಂ, ಅಂದರೆ ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ. ಆಸೆಯಿಂದ ಅರ್ಧಕ್ಕರ್ಧ ಎಂದು ಬರೆದುಬಿಟ್ಟರೆ ಸಭೆಯೇ ನಡೆಯುವುದಿಲ್ಲ. ನಿಮ್ಮಲ್ಲಿ ನಿಜಕ್ಕೂ ಎಷ್ಟು ಜನ ಬರುತ್ತಾರೆ ನೋಡಿಕೊಂಡು ಬರೆಯಿರಿ.

ಖರ್ಚಿನ ಅಧಿಕಾರ. ಖಜಾಂಚಿ ಒಬ್ಬರೇ ಎಷ್ಟರವರೆಗೆ ಖರ್ಚು ಮಾಡಬಹುದು, ಅದರ ಮೇಲೆ ಸಮಿತಿಯ ನಿರ್ಣಯ ಬೇಕಾ, ಆಸ್ತಿ ಕೊಳ್ಳಲು ಮಹಾಸಭೆಯ ಒಪ್ಪಿಗೆ ಬೇಕಾ, ಸ್ಪಷ್ಟವಾಗಿರಲಿ. ಪದಾಧಿಕಾರಿಗಳು ಪ್ರಾಮಾಣಿಕವಾಗಿ, ಅಧಿಕಾರದ ಮಿತಿಯಲ್ಲಿ ಮಾಡಿದ ಕೆಲಸಕ್ಕೆ ಕೇಸು ಬಿದ್ದರೆ ಅದರ ಖರ್ಚನ್ನು ಸಂಘ ಭರಿಸುತ್ತದೆ ಎಂಬ ಕಲಮನ್ನೂ ಸೇರಿಸಿ. ರೆಡಿಮೇಡ್ ಬೈಲಾದಲ್ಲಿ ಇದು ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಪದಾಧಿಕಾರಿಗಳಿಗೇ ನಷ್ಟ.

ಅಧಿಕಾರ ಹಸ್ತಾಂತರ. ಹಳೆಯ ಸಮಿತಿ ಹೊಸಬರಿಗೆ ನಡಾವಳಿ ಪುಸ್ತಕ (ಸಭೆಯ ತೀರ್ಮಾನಗಳನ್ನು ಬರೆದಿಡುವ ಪುಸ್ತಕ), ರಸೀದಿ ಪುಸ್ತಕ, ಬ್ಯಾಂಕ್ ದಾಖಲೆ, ಇಮೇಲ್ ಪಾಸ್‌ವರ್ಡ್ ಎಷ್ಟು ದಿನದಲ್ಲಿ ಕೊಡಬೇಕು ಎಂದು ಬರೆಯಿರಿ.

ಕೊನೆಗೆ ಲಾಭ ಹಂಚಿಕೆ. ಲಾಭರಹಿತ ಸಂಘ ಹಣ ಉಳಿಸಬಾರದು ಎಂದೇನಿಲ್ಲ. ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಷ್ಟೇ. ಸಂಘ ಮುಚ್ಚಿದರೂ ಸಾಲ ತೀರಿಸಿ ಉಳಿದ ಆಸ್ತಿ ಅಂಥದ್ದೇ ಉದ್ದೇಶದ ಬೇರೆ ಸಂಸ್ಥೆಗೆ ಹೋಗಬೇಕು. ತೆರಿಗೆ ಇಲಾಖೆಯವರೂ ಈ ಕಲಮನ್ನು ಹುಡುಕುತ್ತಾರೆ.

ಬೈಲಾ ತಿದ್ದುಪಡಿಯನ್ನು ಮಹಾಸಭೆಯಲ್ಲಿ ಪಾಸು ಮಾಡಿ ಅಲ್ಲಿಗೇ ಬಿಡಬೇಡಿ. ಅದು ನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲಾಗಬೇಕು.

ಹಂತ 5: ನೋಂದಣಿ

ಅರ್ಜಿ ಹೋಗುವುದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ. ಈ ಕೆಲಸ ಸಹಕಾರ ಇಲಾಖೆಯ ಅಡಿಯಲ್ಲಿ ಬರುತ್ತದೆ. ಜ್ಞಾಪನ ಪತ್ರ, ಬೈಲಾ, ಸಂಘ ಕಟ್ಟಲು ತೀರ್ಮಾನಿಸಿದ ಸಭೆಯ ನಡಾವಳಿ, ಎಲ್ಲರ ಗುರುತು ಮತ್ತು ವಿಳಾಸದ ದಾಖಲೆ, ಕಚೇರಿ ವಿಳಾಸಕ್ಕೆ ಪುರಾವೆ, ಜಾಗ ಬೇರೆಯವರದ್ದಾದರೆ ಅವರ ಒಪ್ಪಿಗೆ ಪತ್ರ ಸಿದ್ಧವಿರಲಿ. ಪ್ರತಿ ಪುಟಕ್ಕೂ ಸಹಿ ಹಾಕಿ. ಆಧಾರ್‌ನಲ್ಲಿ ಒಂದು ಹೆಸರು, ಜ್ಞಾಪನ ಪತ್ರದಲ್ಲಿ ಇನ್ನೊಂದು ಇದ್ದರೆ ಅರ್ಜಿ ವಾಪಸ್ ಬರುತ್ತದೆ. ಇನಿಷಿಯಲ್ಲೂ ಸೇರಿದಂತೆ ಹೊಂದಿಸಿಕೊಳ್ಳಿ. ಪ್ರಮಾಣಪತ್ರ ಕೈಗೆ ಬಂದಾಗ ದೃಢೀಕರಿಸಿದ ಬೈಲಾ ಪ್ರತಿಯನ್ನೂ ಕೇಳಿ ಪಡೆಯಿರಿ, ಬ್ಯಾಂಕಿನವರು ಅದನ್ನೇ ಕೇಳುತ್ತಾರೆ.

ಹಂತ 6: ದುಡ್ಡು ಮತ್ತು ಸಹಿ

ಪ್ರಮಾಣಪತ್ರ ಬಂದ ಮೇಲೆ ಸಂಘದ ಹೆಸರಲ್ಲಿ ಪ್ಯಾನ್ ಮಾಡಿಸಿ, ಬ್ಯಾಂಕ್ ಖಾತೆ ತೆರೆಯಿರಿ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಇಬ್ಬರ ಸಹಿ ಬೇಕು ಎಂಬ ನಿರ್ಣಯ ಮಾಡಿ ಬ್ಯಾಂಕಿಗೆ ಕೊಡಿ.

ಈಗ ಎಲ್ಲ ಕಡೆ ನಡೆಯುತ್ತಿರುವ ತಪ್ಪು ಒಂದಿದೆ. ಕಾರ್ಯಕ್ರಮದ ಮೇಜಿನ ಮೇಲೆ ಖಜಾಂಚಿಯ ಸ್ವಂತ ಫೋನಿನ ಕ್ಯುಆರ್ ಕೋಡ್ ಪ್ರಿಂಟ್ ತೆಗೆದು ಅಂಟಿಸಿರುತ್ತಾರೆ. ಚಂದಾ, ದೇಣಿಗೆ ಎಲ್ಲ ಅವರ ಸಂಬಳದ ಖಾತೆಗೆ ಬಂದು ಬೀಳುತ್ತದೆ. "ಆಮೇಲೆ ವರ್ಗಾಯಿಸ್ತೀನಿ ಬಿಡ್ರಿ" ಎಂಬ ಮಾತು ಬೇರೆ. ಇದರಿಂದ ಮೂರು ತೊಂದರೆ. ತೆರಿಗೆ ಇಲಾಖೆ ಕೇಳಿದರೆ ಅದು ಅವರ ಆದಾಯವಲ್ಲ ಎಂದು ತೋರಿಸುವ ಭಾರ ಅವರ ಮೇಲೆಯೇ ಬೀಳುತ್ತದೆ. ಸದಸ್ಯರಲ್ಲಿ ಅನುಮಾನ ಹುಟ್ಟುತ್ತದೆ. ಸಂಘದ ಹಣ ಬೇರೆ, ಪದಾಧಿಕಾರಿಯ ಹಣ ಬೇರೆ ಎಂದು ಕೋರ್ಟಿನಲ್ಲಿ ವಾದಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸಂಘದ ಖಾತೆಗೇ ಕ್ಯುಆರ್ ಮಾಡಿಸಿಕೊಡಲು ಬ್ಯಾಂಕಿನಲ್ಲಿ ಕೇಳಿ.

ಸಹಿಯ ವಿಷಯವೂ ಇಷ್ಟೇ ಮುಖ್ಯ. ಬಾಡಿಗೆ ಕರಾರು, ಆರ್ಡರ್, ಸಭಾಂಗಣದ ಬುಕಿಂಗ್ ಫಾರಂ, ಯಾವುದೇ ಇರಲಿ, ಗ್ರಾಹಕರ ಹೆಸರು ಎಂಬ ಜಾಗದಲ್ಲಿ ಸಂಘದ ಪೂರ್ತಿ ಹೆಸರು ಮತ್ತು ನೋಂದಣಿ ಸಂಖ್ಯೆ ಬರೆಯಿರಿ. ಕೆಳಗೆ "ಸಂಘದ ಪರವಾಗಿ" ಎಂದು ಬರೆದು ಸಹಿ ಮಾಡಿ, ಸಹಿಯ ಕೆಳಗೆ ಹುದ್ದೆ ಹಾಕಿ, ಸೀಲ್ ಒತ್ತಿ. ಬರೀ ನಿಮ್ಮ ಹೆಸರು ಬರೆದು ಸಹಿ ಹಾಕಿದರೆ ಅದು ನಿಮ್ಮ ಕರಾರು. ಸಂಘ ನೋಂದಣಿಯಾಗಿದ್ದರೂ ಶಾಮಿಯಾನದವರು ನಿಮ್ಮನ್ನೇ ಹುಡುಕಿಕೊಂಡು ಬಂದರೆ ಅವರದ್ದೇನೂ ತಪ್ಪಿಲ್ಲ.

ನಿವೇಶನ, ಕಟ್ಟಡ ಕೊಳ್ಳುವಾಗ "ಸದ್ಯಕ್ಕೆ ಅಧ್ಯಕ್ಷರ ಹೆಸರಲ್ಲಿ ಇರಲಿ" ಎನ್ನುವವರ ಮಾತು ಕೇಳಬೇಡಿ. ಅಧ್ಯಕ್ಷರು ತೀರಿಕೊಂಡರೆ ವಾರಸುದಾರರ ಜೊತೆ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಹಂತ 7: ರಕ್ಷಣೆ ಎಲ್ಲಿ ಸಿಗುವುದಿಲ್ಲ

ಇದನ್ನು ಮೊದಲ ಸಮಿತಿ ಸಭೆಯಲ್ಲೇ ಓದಿ ಹೇಳಿ.

ಸಂಘದ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ಹಾಕಿದ್ದರೆ ಆ ಸಾಲ ನಿಮ್ಮದೂ ಹೌದು. ಹೊಸ ಸಂಘಕ್ಕೆ ಸಾಲ ಕೊಡುವವರು ಇದನ್ನು ಕೇಳುವುದು ಸಹಜ. ಸಾಲದ ಕಾಗದದ ಗಂಟಿನಲ್ಲಿ ಜಾಮೀನು ಪತ್ರ ಎಲ್ಲಿದೆ ಎಂದು ಹುಡುಕಿ ಓದಿ, ಆಮೇಲೆ ಪೆನ್ನು ಹಿಡಿಯಿರಿ.

ನಿಮ್ಮ ಕೈಯಾರೆ ಆದ ನಿರ್ಲಕ್ಷ್ಯಕ್ಕೆ ನೀವೇ ಹೊಣೆ. ವೇದಿಕೆಗೆ ವಿದ್ಯುತ್ ತಂತಿಯನ್ನು ನೀವೇ ಎಳೆದು, ಅದರಿಂದ ಯಾರಿಗಾದರೂ ಶಾಕ್ ಹೊಡೆದರೆ ಸಂಘದ ಹೆಸರು ನಿಮ್ಮನ್ನು ಕಾಪಾಡುವುದಿಲ್ಲ. ಸಂಘದ ಮೇಲೂ ಪರಿಹಾರದ ಹೊರೆ ಬೀಳಬಹುದು. ದೊಡ್ಡ ಕಾರ್ಯಕ್ರಮಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಸಿಗುತ್ತದೆ. ಕಾರ್ಯಕ್ರಮಕ್ಕೆ ಬಂದವರಿಗೆ ಪೆಟ್ಟಾದರೆ ಕೊಡಬೇಕಾದ ಪರಿಹಾರವನ್ನು ಪಾಲಿಸಿಯ ಮಿತಿಯೊಳಗೆ ಅದು ಭರಿಸುತ್ತದೆ. ಹೂವಿನ ಅಲಂಕಾರಕ್ಕೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ತೆಗೆದಿಡಿ.

ಮೋಸ, ಹಣ ದುರುಪಯೋಗ, ಸುಳ್ಳು ದಾಖಲೆ ಮಾಡಿದರೆ ಕ್ರಿಮಿನಲ್ ಕೇಸು ಆ ವ್ಯಕ್ತಿಯ ಮೇಲೆಯೇ. ಸಂಘದ ಹಣ ಕದ್ದರೆ "ನಾನೂ ಸದಸ್ಯ, ನನ್ನದೂ ದುಡ್ಡು" ಎಂಬ ವಾದ ನಡೆಯುವುದಿಲ್ಲ.

ಸಂಬಳಕ್ಕೆ ಜನ ಇದ್ದರೆ ಕಾರ್ಮಿಕ ಕಾನೂನುಗಳು ನಿಮಗೂ ಅನ್ವಯಿಸುತ್ತವೆ. ತೆರಿಗೆ ಕಡಿತ, ಅಂದರೆ ಟಿಡಿಎಸ್, ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟದಿದ್ದರೆ ಸಂಘದಲ್ಲಿ ಅದಕ್ಕೆ ಹೊಣೆಯಾದ ಪದಾಧಿಕಾರಿಯನ್ನೇ ಕೇಳುತ್ತಾರೆ. 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳ ದೂರುಗಳಿಗೆ ಆಂತರಿಕ ಸಮಿತಿ ಇರಲೇಬೇಕು. "ನಾವು ಸೇವಾ ಸಂಸ್ಥೆ" ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಹಂತ 8: ತೆರಿಗೆಯ ಲಾಭ

ಇಲ್ಲಿ ಗೊಂದಲ ಜಾಸ್ತಿ. ಸಂಘ ನೋಂದಣಿಯಾದ ಕೂಡಲೇ ತೆರಿಗೆ ವಿನಾಯಿತಿ ಬರುವುದಿಲ್ಲ. ಅದಕ್ಕೆ ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ಅರ್ಜಿ ಹಾಕಬೇಕು. ಲೆಕ್ಕಪರಿಶೋಧಕರ ಬಾಯಲ್ಲಿ 12ಎಬಿ, 80ಜಿ ಎಂದು ಕೇಳುತ್ತೀರಲ್ಲ, ಅದೇ ಇದು. ಮೊದಲನೆಯದು ಸಂಘದ ಆದಾಯಕ್ಕೆ ವಿನಾಯಿತಿ. ಎರಡನೆಯದು ದೇಣಿಗೆ ಕೊಟ್ಟವರಿಗೆ ತೆರಿಗೆಯಲ್ಲಿ ಸಿಗುವ ರಿಯಾಯಿತಿ. 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರುವ ದಿನ 2026ರ ಏಪ್ರಿಲ್ 1. ಅಲ್ಲಿಂದ ಸೆಕ್ಷನ್ ಸಂಖ್ಯೆಗಳು ಬೇರೆ. ಅರ್ಜಿ ಹಾಕುವ ದಿನ ಯಾವ ಸಂಖ್ಯೆ, ಯಾವ ಫಾರಂ ಎಂದು ಕೇಳಿಕೊಳ್ಳಿ.

ಇವೆರಡೂ ಸಾರ್ವಜನಿಕರಿಗೆ ಉಪಯೋಗವಾಗುವ ಕೆಲಸಕ್ಕೆ ಮೀಸಲು. ನಿಮ್ಮ ಸಂಘದ ಸೌಲಭ್ಯ ಸದಸ್ಯರಿಗೆ ಮಾತ್ರ ಎಂದಾದರೆ ಸಿಗುವುದು ಕಷ್ಟ. ಒಂದು ಜಾತಿಯ ಅಥವಾ ಧಾರ್ಮಿಕ ಸಮುದಾಯದವರಿಗೆ ಮಾತ್ರ ಎಂದು ಬೈಲಾದಲ್ಲಿದ್ದರೆ 80ಜಿ ಕೈತಪ್ಪುತ್ತದೆ. ಜಾತಿ ಸಂಘಗಳ ಪದಾಧಿಕಾರಿಗಳಿಗೆ ಇದು ಗೊತ್ತಾಗುವುದು ಬಹುತೇಕ ಅರ್ಜಿ ತಿರಸ್ಕಾರವಾದ ಮೇಲೆಯೇ. 80ಜಿ ಸಿಕ್ಕ ಮೇಲೂ 2,000 ರೂಪಾಯಿಗಿಂತ ಹೆಚ್ಚು ನಗದು ದೇಣಿಗೆ ಕೊಟ್ಟವರಿಗೆ ರಿಯಾಯಿತಿ ಇಲ್ಲ.

ಹಾಗಾದರೆ ಸದಸ್ಯರಿಗಷ್ಟೇ ಇರುವ ಸಂಘದ ಗತಿ? ಅವುಗಳಿಗೆ ಪರಸ್ಪರತೆಯ ತತ್ವ ಅನ್ವಯಿಸುತ್ತದೆ. ನಾವೇ ಹಾಕಿದ ದುಡ್ಡನ್ನು ನಾವೇ ಬಳಸಿಕೊಂಡರೆ ಅದು ಆದಾಯವಲ್ಲ ಎಂಬುದು ಇದರ ಅರ್ಥ. ಹೊರಗಿನಿಂದ ಬಂದದ್ದಕ್ಕೆ ಇದು ಹೊಂದುವುದಿಲ್ಲ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಇದನ್ನೇ ಹೇಳಿತು. ಕ್ಲಬ್ ಠೇವಣಿ ಇಟ್ಟಿದ್ದ ಬ್ಯಾಂಕುಗಳು ಅದರ ಸದಸ್ಯರೇ ಆಗಿದ್ದರೂ ಠೇವಣಿಯ ಬಡ್ಡಿಗೆ ತೆರಿಗೆ ಕಟ್ಟಬೇಕು ಎಂದಿತು. ನಿಮ್ಮ ಸಂಘದ ಎಫ್‌ಡಿ ಬಡ್ಡಿಗೂ ಇದೇ ಲೆಕ್ಕ.

ಕಂಪನಿಗಳ ಸಿಎಸ್ಆರ್ ಹಣ, ಅಂದರೆ ಅವು ಸಮಾಜಸೇವೆಗೆಂದು ತೆಗೆದಿಡುವ ಹಣ ಬೇಕಾದರೆ ಸಿಎಸ್ಆರ್-1 ಎಂಬ ಫಾರಂನಲ್ಲಿ ನೋಂದಣಿ ಬೇಕು. ವಿದೇಶದಿಂದ ದೇಣಿಗೆ ಬರುವುದಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿ ಪ್ರೀತಿಯಿಂದ ಕಳಿಸುತ್ತೇನೆಂದರೂ ಸರಿ, ಅವರು ಅಲ್ಲಿಯ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆಯೇ.

ಹಂತ 9: ಪ್ರತಿ ವರ್ಷದ ಕೆಲಸ

ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ. ಲೆಕ್ಕಪತ್ರ ಆಡಿಟ್ ಮಾಡಿಸಿ ಸಭೆಯ ಮುಂದಿಡಬೇಕು. ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜನ ಇದನ್ನು ರಿನೀವಲ್ ಎನ್ನುತ್ತಾರೆ. ಲೆಕ್ಕ ಕೊಡದೆ ಹಾಗೇ ಬಿಟ್ಟ ಸಂಘಗಳಿಗೆ ದಂಡ ಬೀಳುತ್ತದೆ, ಅನುದಾನದ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಕೇಳಿದರೆ, ಅಥವಾ ತಾವಾಗಿಯೇ, ನೋಂದಣಾಧಿಕಾರಿ 25ನೇ ಸೆಕ್ಷನ್ ಅಡಿ ವಿಚಾರಣೆ ಮಾಡಿಸಬಹುದು. ವಿಷಯ ಕೈಮೀರಿದರೆ ಆಡಳಿತಾಧಿಕಾರಿಯ ನೇಮಕ, ನೋಂದಣಿ ರದ್ದು, ಎರಡಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ನಡಾವಳಿ ಪುಸ್ತಕ ಆಗಿಂದಾಗಲೇ ಬರೆಯಿರಿ. ವರ್ಷದ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಹನ್ನೆರಡು ಸಭೆ ಬರೆದ ಪುಸ್ತಕ ನೋಡಿದವರಿಗೆ ಗೊತ್ತಾಗುತ್ತದೆ. ಸಮಿತಿಯ ತೀರ್ಮಾನ ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಸುಮ್ಮನಿರಬೇಡಿ, "ನನ್ನ ವಿರೋಧ ಇದೆ" ಎಂದು ಹೆಸರು ಹಾಕಿಸಿ ಬರೆಸಿ. ಆಮೇಲೆ ಸಮಿತಿಯವರೆಲ್ಲರನ್ನೂ ಕರೆದು ಕೇಳುವ ದಿನ ಬಂದರೆ ಆ ಒಂದು ಸಾಲು ನಿಮ್ಮ ಪರ ನಿಲ್ಲುತ್ತದೆ.

ಹಂತ 10: ಹುದ್ದೆ ಬಿಡುವಾಗ

"ನಾನು ಯಾವಾಗಲೋ ಬಿಟ್ಟೆ" ಎಂದು ಬಾಯಲ್ಲಿ ಹೇಳಿದರೆ ಸಾಲದು. ರಾಜೀನಾಮೆಯನ್ನು ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಲುಪಿದೆ ಎಂದು ದಿನಾಂಕದ ಸಮೇತ ಸಹಿ ಪಡೆಯಿರಿ. ಒಪ್ಪಿಕೊಂಡ ನಿರ್ಣಯದ ನಕಲು ಇಟ್ಟುಕೊಳ್ಳಿ. ಬ್ಯಾಂಕಿಗೆ ಹೋಗಿ ಸಹಿದಾರರ ಪಟ್ಟಿಯಿಂದ ಹೆಸರು ತೆಗೆಸಿ. ಮುಂದಿನ ವರ್ಷದ ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದ್ದಾರಾ ಎಂದು ನೋಂದಣಾಧಿಕಾರಿ ಕಚೇರಿಯಲ್ಲಿ ನಕಲು ಪಡೆದು ನೋಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಂಘದ ಪರ ಅಧಿಕೃತ ಸಹಿದಾರರಾಗಿ ನಿಮ್ಮ ಪ್ಯಾನ್ ಇದ್ದರೆ ಅದನ್ನೂ ಬದಲಿಸಲು ಹೇಳಿ. ಇದಿಷ್ಟೂ ಆಗುವವರೆಗೆ ಬರುವ ನೋಟಿಸ್‌ಗಳು ನಿಮ್ಮ ವಿಳಾಸಕ್ಕೇ ಬರುತ್ತಿರುತ್ತವೆ.